ಡಿಸ್ಕ್ ಅಳಿಸಿದ ರಾತ್ರಿ

ಮೊನ್ನೆ ರಾತ್ರಿ ಎರಡೂವರೆಗೆ ಫೋನ್ ಬಂತು. ನಮ್ಮ ಕಡೆ ಆ ಹೊತ್ತಲ್ಲಿ ಫೋನ್ ಬಂದ್ರೆ ಒಂದೋ ಸಾವಿನ ಸುದ್ದಿ, ಇಲ್ಲಾಂದ್ರೆ ಯಾರನ್ನೋ ಸ್ಟೇಷನ್ನಿಗೆ ಕರ್ಕೊಂಡು ಹೋಗಿದ್ದಾರೆ ಅಂತ. ಎದ್ದು ಕೂತು "ಹೇಳಪ್ಪ" ಅಂದೆ. ಆ ಕಡೆ ಒಬ್ಬ ಹುಡುಗ. ಹಾಸ್ಟೆಲ್ಲಲ್ಲಿ ಓದಿದವನು, ನಮ್ಮ ಭಾನುವಾರದ ಕ್ಲಾಸಿಗೆ ಎರಡು ವರ್ಷ ತಪ್ಪದೆ ಬಂದವನು, ಎಂಟು ತಿಂಗಳಿಂದ ಬೆಂಗಳೂರಿನ ಒಂದು ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನ್. "ಜೈ ಭೀಮ್ ಅಣ್ಣ" ಅಂದ. ಆಮೇಲೆ ಅರ್ಧ ನಿಮಿಷ ಮಾತೇ ಇಲ್ಲ. ಆಮೇಲೆ, "ಅಣ್ಣ, ಒಂದು ಸರ್ವರ್ ಅಳಿಸಿಬಿಟ್ಟೆ. ನಾಳೆ ಪೇಪರ್ ಹಾಕ್ತೀನಿ."

"ಬ್ಯಾಕಪ್ ಇದೆಯಾ?"

"ಇದೆ. ನಿನ್ನೆ ರಾತ್ರಿದು."

"ಹಂಗಾದ್ರೆ ಯಾರೂ ಸತ್ತಿಲ್ಲ. ಮಲ್ಕೋ ಹೋಗು."

ಅವನು ಮಲಗಲಿಲ್ಲ. ಅವನಿಗೆ ನನ್ನ 2015ರ ಕತೆ ಹೇಳ್ತಾ ಹೇಳ್ತಾ ಬೆಳಗಾಯ್ತು. ಕೊನೆಗೆ ಅವನೇ "ಇದನ್ನ ಬರೀರಿ ಅಣ್ಣ" ಅಂದ. ಅದಕ್ಕೆ ಈ ಪೋಸ್ಟು. ಉದ್ದ ಇದೆ, ಟೆಕ್ನಿಕಲ್ ಮಾತೂ ಜಾಸ್ತಿ ಇದೆ. ಕಂಪ್ಯೂಟರ್ ಕೆಲಸದಲ್ಲಿ ಇಲ್ಲದ ಗೆಳೆಯರು ಮಧ್ಯದ ಭಾಗ ಹಾರಿಸಿ ಓದಿದ್ರೂ ನನಗೆ ಬೇಜಾರಿಲ್ಲ. ಆದ್ರೆ ನಮ್ಮ ಹುಡುಗ ಹುಡುಗಿಯರು ಈ ಕೆಲಸಕ್ಕೆ ಬರ್ತಿದ್ದಾರಲ್ಲ, ಅವರು ಮಧ್ಯದ ಭಾಗಾನೇ ಓದಬೇಕು.

ಮೊದಲು ಕೆಲಸ ಏನು ಅಂತ ಹೇಳಿಬಿಡ್ತೀನಿ. ಒಂದು ರೂಮಿನಲ್ಲಿ 46 ಸರ್ವರ್ ಇವೆ ಅಂದ್ಕೊಳ್ಳಿ. ಎಲ್ಲದಕ್ಕೂ ಹಳೆಯ ಆಪರೇಟಿಂಗ್ ಸಿಸ್ಟಮ್ ತೆಗೆದು ಹೊಸದು ಹಾಕಬೇಕು. ಪೆನ್‌ಡ್ರೈವ್ ಹಿಡ್ಕೊಂಡು ಒಂದೊಂದರ ಮುಂದೆ ನಿಂತ್ರೆ, ಒಂದಕ್ಕೆ ಮುಕ್ಕಾಲು ಗಂಟೆ. ಆ ರೂಮಿನ ಚಳಿಗೆ ಕೈ ಮರಗಟ್ಟುತ್ತೆ, ಫ್ಯಾನುಗಳ ಸದ್ದಿಗೆ ಮನೆಗೆ ಹೋದಮೇಲೂ ಕಿವಿಯಲ್ಲಿ ಗುಂಯ್ ಅಂತಿರುತ್ತೆ. ಅದಕ್ಕೇ ನೆಟ್‌ವರ್ಕ್ ಮೂಲಕ ಹಾಕೋದು. ಪಿಎಕ್ಸ್‌ಇ ಅಂತ ಅದಕ್ಕೆ ಹೆಸರು, ಬಾಯಲ್ಲಿ 'ಪಿಕ್ಸಿ' ಅಂತೀವಿ. ಇಂಟೆಲ್‌ನವರು 1999ರಲ್ಲಿ ಅದರ 2.1ನೇ ಆವೃತ್ತಿಯ ನಿಯಮ ಬರೆದರು, ಇವತ್ತಿಗೂ ಬಹುಪಾಲು ಅದೇ ನಡೀತಿದೆ.

ಯಂತ್ರಕ್ಕೆ ಕರೆಂಟು ಕೊಟ್ಟಾಗ ಅದರ ಡಿಸ್ಕಿನಲ್ಲಿ ಏನೂ ಇಲ್ಲದಿದ್ರೂ ನೆಟ್‌ವರ್ಕ್ ಕಾರ್ಡಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಇರುತ್ತೆ. ಅದು ತಂತಿ ಹಿಡಿದು ಎಲ್ಲರಿಗೂ ಕೇಳೋ ಹಾಗೆ ಕೂಗುತ್ತೆ: ನಾನಿಲ್ಲಿದ್ದೀನಿ, ನನಗೊಂದು ವಿಳಾಸ ಕೊಡಿ. ಡಿಎಚ್‌ಸಿಪಿ ಸರ್ವರ್ ಅದನ್ನ ಕೇಳಿಸ್ಕೊಂಡು ಒಂದು ಐಪಿ ವಿಳಾಸ ಕೊಡುತ್ತೆ. ಜೊತೆಗೆ 'ಇಂಥ ಸರ್ವರ್ ಹತ್ರ ಹೋಗು, ಇಂಥ ಫೈಲ್ ಕೇಳು' ಅಂತಾನೂ ಹೇಳುತ್ತೆ. ಆ ಫೈಲನ್ನ ಟಿಎಫ್‌ಟಿಪಿಯಲ್ಲಿ ತರಿಸಿಕೊಳ್ಳುತ್ತೆ. ಟಿಎಫ್‌ಟಿಪಿ ಅಂದ್ರೆ ಬಡವರ ಬಸ್ಸು. ಹಳೆಯ ಲೆಕ್ಕದಲ್ಲಿ ಒಂದು ಸಲಕ್ಕೆ 512 ಬೈಟ್ ಕಳಿಸಿ, 'ಸಿಕ್ತು' ಅಂತ ಉತ್ತರ ಬರೋವರೆಗೂ ನಿಂತು, ಆಮೇಲೆ ಮುಂದಿನ 512. ಪಾಸ್‌ವರ್ಡ್ ಇಲ್ಲ, ಏನಿಲ್ಲ. ಆ ಚಿಕ್ಕ ಫೈಲು ಓಡಿದ ಮೇಲೆ ಕರ್ನಲ್ ಬರುತ್ತೆ, ಇನ್‌ಸ್ಟಾಲರ್ ಬರುತ್ತೆ.

ಇನ್‌ಸ್ಟಾಲರ್ ಪ್ರಶ್ನೆ ಕೇಳುತ್ತಲ್ಲ, ಯಾವ ಭಾಷೆ, ಯಾವ ಟೈಮ್‌ಝೋನ್, ಯಾವ ಡಿಸ್ಕಿಗೆ ಹಾಕ್ಲಿ, ರೂಟ್ ಪಾಸ್‌ವರ್ಡ್ ಏನು? ಆ ಎಲ್ಲ ಪ್ರಶ್ನೆಗೂ ಮೊದಲೇ ಉತ್ತರ ಬರೆದಿಟ್ಟ ಒಂದು ಫೈಲ್ ಇರುತ್ತೆ. ರೆಡ್‌ಹ್ಯಾಟ್, ಸೆಂಟ್‌ಓಎಸ್ ಕಡೆ ಅದಕ್ಕೆ ಕಿಕ್‌ಸ್ಟಾರ್ಟ್ ಅಂತಾರೆ, ಡೆಬಿಯನ್‌ನಲ್ಲಿ ಪ್ರಿಸೀಡ್, ಸೂಸೆಯಲ್ಲಿ ಆಟೋಯಾಸ್ಟ್. ಪರೀಕ್ಷೆಗೆ ಮುಂಚೆನೇ ಉತ್ತರ ಪತ್ರಿಕೆ ತುಂಬಿಸಿಟ್ಟ ಹಾಗೆ. ಎಲ್ಲರಿಗೂ ಒಂದೇ ಪ್ರಶ್ನೆ ಪತ್ರಿಕೆ ಬಂದ್ರೆ ಬಹಳ ಸುಖ.

ನಮಗೆ ಒಂದೇ ಪತ್ರಿಕೆ ಇರಲಿಲ್ಲ. ಆ ಕಂಪನಿಯಲ್ಲಿ ಬಜೆಟ್ ಸಿಕ್ಕ ವರ್ಷ ಸಿಕ್ಕಿದ್ದನ್ನ ತಂದಿದ್ರು. ಡೆಲ್ ಆರ್710 ಒಂದಷ್ಟು, ಆರ್720 ಒಂದಷ್ಟು, ಎಚ್‌ಪಿ ಡಿಎಲ್380ರಲ್ಲಿ ಜಿ7 ಕೆಲವು, ಹೊಸದಾಗಿ ಬಂದ ಜೆನ್9 ನಾಲ್ಕು, ಮತ್ತೆ ಮೂಲೆಯ ರ‍್ಯಾಕಿನಲ್ಲಿ ಯಾರೋ ಯಾವಾಗಲೋ ಬಿಡಿಭಾಗ ತಂದು ಜೋಡಿಸಿದ ಐದು ಪೆಟ್ಟಿಗೆ. ಆ ಐದರ ಮೇಲೆ ಕಂಪನಿ ಹೆಸರೂ ಇರಲಿಲ್ಲ. ಒಂದರ ಮೇಲೆ ಮಾರ್ಕರಿನಲ್ಲಿ 'ಡೋಂಟ್ ಟಚ್' ಅಂತ ಬರೆದಿತ್ತು. ಬರೆದವರು ಕೆಲಸ ಬಿಟ್ಟು ಹೋಗಿ ವರ್ಷಗಳಾಗಿದ್ವು. ಇಷ್ಟಕ್ಕೂ ಸೆಂಟ್‌ಓಎಸ್ 7 ಹಾಕಬೇಕು, ಎರಡು ವಾರಾಂತ್ಯದಲ್ಲಿ. ಕೆಲಸ ನನ್ನದು.

ಜೆನ್9 ಮೊದಲ ಪಾಠ ಕಲಿಸ್ತು. ಅವು ಹಳೆಯ ಬಯಾಸ್ ಬದಲು ಯುಇಎಫ್‌ಐನಲ್ಲಿ ಬೂಟ್ ಆಗ್ತಿದ್ವು. ನಾನು ಎಲ್ಲಕ್ಕೂ ಪಿಎಕ್ಸ್‌ಇಲಿನಕ್ಸ್ ಅನ್ನೋ ಬಯಾಸ್ ಕಾಲದ ಫೈಲನ್ನೇ ಕೊಡ್ತಿದ್ದೆ. ಫೈಲು ಇಳಿಸ್ಕೊಳ್ಳೋದು, ಓಡಿಸೋಕೆ ಬರದೆ ಸುಮ್ನೆ ಮುಂದಿನ ಬೂಟಿಗೆ ಜಾರೋದು. ಎರಡು ದಿನ ಕೇಬಲ್ ಬದಲಾಯಿಸ್ತಾ, ಸ್ವಿಚ್ ಪೋರ್ಟ್ ಬದಲಾಯಿಸ್ತಾ ಕೂತಿದ್ದೆ. ನಿಜ ಏನಂದ್ರೆ, ಯಂತ್ರ ಮೊದಲ ಕೂಗಿನಲ್ಲೇ ತಾನು ಯಾರು ಅಂತ ಹೇಳಿತ್ತು. ಡಿಎಚ್‌ಸಿಪಿ ಕೋರಿಕೆಯಲ್ಲಿ 93ನೇ ಆಪ್ಷನ್ ಅಂತ ಒಂದಿದೆ. ಬಯಾಸ್ ಯಂತ್ರ ಅದರಲ್ಲಿ 0 ಅಂತ ಹೇಳುತ್ತೆ, 64 ಬಿಟ್ ಯುಇಎಫ್‌ಐ ಯಂತ್ರ 7 ಅಂತ ಹೇಳುತ್ತೆ. ಆರ್ಮ್ 64 ಆದ್ರೆ 11. ಈ 93ನೇ ಆಪ್ಷನ್ 2006ರಿಂದ ಆರ್‌ಎಫ್‌ಸಿಯಲ್ಲಿ ಬರೆದಿದೆ. ಡಿಎಚ್‌ಸಿಪಿ ಸೆಟ್ಟಿಂಗಿನಲ್ಲಿ ಐದಾರು ಸಾಲು ಬರೆದ್ರೆ ಸಾಕು: 0 ಅಂದೋರಿಗೆ ಆ ಫೈಲು, 7 ಅಂದೋರಿಗೆ ಶಿಮ್ ಮತ್ತು ಗ್ರಬ್. ಅದು ಹೇಳ್ತಾನೇ ಇತ್ತು, ನಾನು ಕೇಳಿಸ್ಕೊಂಡಿರಲಿಲ್ಲ.

ನೆಟ್‌ವರ್ಕ್ ಪೋರ್ಟಿನದ್ದು ಚಿಕ್ಕ ಗೋಳು. ಒಂದೊಂದು ಸರ್ವರಿಗೂ ನಾಲ್ಕು ಪೋರ್ಟು, ತಂತಿ ಒಂದಕ್ಕೆ ಮಾತ್ರ. ಮೊದಲೆಲ್ಲ ಎಲ್ಲ ಕಡೆ ಇಟಿಎಚ್0 ಅಂತಿದ್ದ ಹೆಸರು ಸೆಂಟ್‌ಓಎಸ್ 7ರಲ್ಲಿ ಡೆಲ್ ಮೇಲೆ ಇಎಂ1 ಆಯ್ತು, ಎಚ್‌ಪಿ ಮೇಲೆ ಇಎನ್‌ಒ1 ಆಯ್ತು, ಜೋಡಿಸಿದ ಪೆಟ್ಟಿಗೆಗಳಲ್ಲಿ ಇಎನ್‌ಪಿ ಏನೋ ಎಸ್ ಏನೋ. ಹೆಸರು ಬರೆದ್ರೆ ಒಂದರಲ್ಲಿ ಓಡೋದು ಇನ್ನೊಂದರಲ್ಲಿ ಓಡಲ್ಲ. ಪಿಎಕ್ಸ್‌ಇಲಿನಕ್ಸ್ ಫೈಲಿನಲ್ಲಿ 'ಐಪಿಅಪೆಂಡ್ 2' ಅಂತ ಒಂದು ಸಾಲು ಹಾಕಿದ್ರೆ, ಯಾವ ಕಾರ್ಡಿನಿಂದ ಬೂಟ್ ಆಯ್ತೋ ಅದರ ಮ್ಯಾಕ್ ವಿಳಾಸವನ್ನ ಇನ್‌ಸ್ಟಾಲರಿಗೆ ದಾಟಿಸುತ್ತೆ. ಅಲ್ಲಿಗೆ ಆ ಗೋಳು ಮುಗೀತು.

ಇಷ್ಟು ಗೊತ್ತಾದ ಮೇಲಾದ್ರೂ ಡಿಸ್ಕಿನ ಹೆಸರಿನ ಬಗ್ಗೆ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ನನ್ನ ಕಿಕ್‌ಸ್ಟಾರ್ಟಿನಲ್ಲಿ ಒಂದು ಸಾಲಿತ್ತು. ಕ್ಲಿಯರ್‌ಪಾರ್ಟ್, ಆಲ್, ಡ್ರೈವ್ಸ್ ಎಸ್‌ಡಿಎ. ಎಸ್‌ಡಿಎ ಅನ್ನೋ ಡಿಸ್ಕಿನ ಮೇಲೆ ಇರೋದೆಲ್ಲ ಅಳಿಸು ಅಂತ ಅರ್ಥ. ಆರು ಯಂತ್ರದ ಮೇಲೆ ಪರೀಕ್ಷೆ ಮಾಡಿದ್ದೆ. ಆರೂ ಆರ್720, ಆರಕ್ಕೂ ಒಂದೇ ಡಿಸ್ಕ್. ಒಂದೇ ಇದ್ದಾಗ ಅದೇ ಎಸ್‌ಡಿಎ. ಎರಡನೇ ಶನಿವಾರ ರಾತ್ರಿ ಮೂಲೆಯ ರ‍್ಯಾಕಿಗೆ ಬಂದೆ. ಆ ಪೆಟ್ಟಿಗೆಗಳಲ್ಲಿ ಒಂದಕ್ಕೆ ಎರಡು ತರದ ಡಿಸ್ಕ್ ಇತ್ತು. ಮದರ್‌ಬೋರ್ಡಿಗೆ ನೇರ ಸಿಕ್ಕಿಸಿದ ಚಿಕ್ಕದರಲ್ಲಿ ಆಪರೇಟಿಂಗ್ ಸಿಸ್ಟಮ್. ಬೇರೆ ರೇಡ್ ಕಾರ್ಡಿನ ಹಿಂದೆ ನಾಲ್ಕು ಟೆರಾಬೈಟಿನ ದೊಡ್ಡದರಲ್ಲಿ ಒಬ್ಬ ಗಿರಾಕಿಯ ಕಾಗದಪತ್ರಗಳ ಸ್ಕ್ಯಾನು. ಹಳೆಯ ಸಿಸ್ಟಮಿನಲ್ಲಿ ಚಿಕ್ಕದು ಎಸ್‌ಡಿಎ, ದೊಡ್ಡದು ಎಸ್‌ಡಿಬಿ. ನಾನೇ ಮಧ್ಯಾಹ್ನ ನೋಡಿ ಚೀಟಿ ಬರ್ಕೊಂಡಿದ್ದೆ. ಆದ್ರೆ ಆ ಅಕ್ಷರಗಳು ಡಿಸ್ಕಿನ ಮೈಮೇಲೆ ಬರೆದದ್ದಲ್ಲ. ಕರ್ನಲ್ ಯಾವುದನ್ನ ಮೊದಲು ಕಾಣುತ್ತೋ ಅದಕ್ಕೆ ಎ, ಆಮೇಲೆ ಕಂಡದ್ದಕ್ಕೆ ಬಿ. ಹೊಸ ಇನ್‌ಸ್ಟಾಲರ್ ರೇಡ್ ಕಾರ್ಡನ್ನ ಮೊದಲು ಕಂಡಿತು.

ರಾತ್ರಿ ಒಂದೂ ಇಪ್ಪತ್ತಕ್ಕೆ ಪರದೆ ಮೇಲೆ ಫಾರ್ಮ್ಯಾಟಿಂಗ್ ಅಂತ ಬಂತು. ಬರಬೇಕಾದದ್ದೇ. ಆದ್ರೆ ಚಿಕ್ಕ ಡಿಸ್ಕಿಗೆ ಅಷ್ಟು ಹೊತ್ತು ಹಿಡಿಯಬಾರದು. ದೀಪ ನೋಡಿದೆ. ಮಿನುಗ್ತಾ ಇದ್ದದ್ದು ರೇಡ್ ಕಡೆಯ ದೀಪ. ಪವರ್ ಕಿತ್ತೆ. ಕಿತ್ತರೂ ಪಾರ್ಟಿಷನ್ ಟೇಬಲ್ ಹೋಗಿತ್ತು, ಅದರ ಮೇಲೆ ಹೊಸ ಫೈಲ್‌ಸಿಸ್ಟಮ್ ಅರ್ಧ ಕೂತಿತ್ತು. ನೆಲದ ಮೇಲೆ ಕೂತ್ಕೊಂಡೆ. ಡೇಟಾ ಡಿಸ್ಕಿನ ಕೇಬಲ್ ಕಿತ್ತಿಟ್ಟು ಆಮೇಲೆ ಇನ್‌ಸ್ಟಾಲ್ ಮಾಡಿದ್ರೆ ಮುಗೀತಿತ್ತು, ಎರಡು ನಿಮಿಷದ ಕೆಲಸ.

ಆ ಸಾಲು ಬರೆದೋನು ನಾನು. ಆರು ನೋಡಿ ನಲವತ್ತಾರೂ ಹೀಗೇ ಅಂತ ತೀರ್ಮಾನ ಮಾಡಿದೋನೂ ನಾನೇ. ಇದನ್ನ ಯಾರ ಮೇಲೂ ಹಾಕಲ್ಲ.

ಟೇಪಿನಿಂದ ವಾಪಸ್ ತರೋಕೆ ಮಧ್ಯಾಹ್ನದವರೆಗೂ ಹಿಡೀತು. ಒಂದು ದಿನದ ಕೆಲಸ ಹೋಯ್ತು. ಗಿರಾಕಿಯ ಕಡೆಯವರು ಆ ದಿನದ ಕಾಗದ ಮತ್ತೆ ಸ್ಕ್ಯಾನ್ ಮಾಡಿದ್ರು. ನಡುವೆ ಒಂದ್ಸಲ ಹೊರಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಅವ್ವ ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚೋ ಕೆಲಸ ಮಾಡಿದೋಳು, ಇಪ್ಪತ್ತು ವರ್ಷ ಬಿಸಿನೀರಲ್ಲಿ ಕೈ ಅದ್ದಿದೋಳು. "ಕೆಲಸದಿಂದ ಕಿತ್ತಾಕಿದ್ರಾ?" ಅಂದ್ಳು. ಇಲ್ಲ ಅಂದೆ. ಏನಾಯ್ತು ಅಂತ ಕೇಳಿದ್ಳು. ಬೇರೆ ಬೇರೆ ತರದ ಮೆಷಿನ್ನಿಗೆ ಒಂದೇ ತರ ಮಾಡ್ಬಿಟ್ಟೆ ಅಂತ ಏನೋ ಹೇಳಿದೆ. ಅವಳು, "ಗೂಡು ಮುಟ್ಟಿ ನೋಡ್ದೆ ನೀರಿಗೆ ಹಾಕ್ದಾ?" ಅಂದ್ಳು. ಬಿಳಿ ಬೈವೋಲ್ಟೀನ್ ಗೂಡು ಬೇರೆ, ಹಳದಿ ಮಿಶ್ರತಳಿ ಗೂಡು ಬೇರೆ, ಎರಡಕ್ಕೂ ಬೇಯೋ ಹದ ಬೇರೆ. ಬೆರೆಸಿ ಹಾಕಿದ್ರೆ ಎಳೆ ಹರೀತಾನೇ ಇರುತ್ತೆ. ಶಾಲೆ ಮುಖ ನೋಡದ ನಮ್ಮವ್ವನಿಗೆ ನನ್ನ ತಪ್ಪು ಒಂದು ನಿಮಿಷಕ್ಕೆ ಅರ್ಥ ಆಗಿತ್ತು. "ಊಟ ಮಾಡು" ಅಂತ ಫೋನ್ ಇಟ್ಟಳು.

ಸೋಮವಾರದ ಮೀಟಿಂಗಿನಲ್ಲಿ ಏನಾಯ್ತು ಅಂತ ಬರೆದು ಕೊಟ್ಟೆ. ಅಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ರೆ ಚೆನ್ನಾಗಿರ್ತಿತ್ತು. ಟೀ ಮೆಷಿನ್ ಹತ್ರ ನಾನು ಬೆನ್ನು ಹಾಕಿ ನಿಂತಿದ್ದಾಗ ಒಬ್ಬರು ಇನ್ನೊಬ್ಬರಿಗೆ ಹೇಳಿದ್ರು: "ಬೇಸಿಕ್ಸ್ ವೀಕ್ ಇದ್ರೆ ಹಿಂಗೇ. ಎಲ್ಲಿಂದ ಬಂದೋರು ಅಂತ ನೋಡ್ಬೇಕಲ್ವಾ. ಕೋಟಾ." ಅದು ಖಾಸಗಿ ಕಂಪನಿ. ಖಾಸಗಿ ಕಂಪನಿಯ ಕೆಲಸದಲ್ಲಿ ಮೀಸಲಾತಿ ಇಲ್ಲ, ಇದು ಅವರಿಗೂ ಗೊತ್ತು. ಎರಡು ಬರವಣಿಗೆ ಪರೀಕ್ಷೆ, ಮೂರು ಸಂದರ್ಶನ ದಾಟಿ ಬಂದಿದ್ದೆ ನಾನು, ಅವರ ಹಾಗೇ. ಆದ್ರೂ ಆ ಪದ ನನಗೋಸ್ಕರ ಕಾಯ್ತಾ ಇತ್ತು, ತಪ್ಪು ಆಗಲಿ ಅಂತ.

ಐದು ತಿಂಗಳು ಮುಂಚೆ ಏನಾಗಿತ್ತು ಗೊತ್ತಾ? ನಮ್ಮ ಟೀಮಿನ ಇನ್ನೊಬ್ಬ, ಒಳ್ಳೆ ಮನುಷ್ಯನೇ, ಒಂದು ಸರ್ವರಿನ ಬೂಟ್ ಕ್ರಮದಲ್ಲಿ ನೆಟ್‌ವರ್ಕನ್ನ ಮೊದಲು ಇಟ್ಟು ಮರೆತಿದ್ದ. ಪಿಎಕ್ಸ್‌ಇಯ ಡಿಫಾಲ್ಟ್ ಫೈಲ್ ಇನ್‌ಸ್ಟಾಲ್ ಕಡೆ ತೋರಿಸ್ತಿತ್ತು. ಒಂದು ದಿನ ಕರೆಂಟು ಹೋಗಿ ಬಂತು. ಆ ಸರ್ವರ್ ಎದ್ದಿತು, ನೆಟ್‌ವರ್ಕಿನಲ್ಲಿ ಕೂಗಿತು, ಇನ್‌ಸ್ಟಾಲರ್ ಸಿಕ್ಕಿತು, ತನ್ನನ್ನ ತಾನೇ ಅಳಿಸಿಕೊಂಡು ಹೊಸದಾಗಿ ನಿಂತಿತು. ಎರಡು ದಿನ ಕೆಲಸ ನಿಂತಿತ್ತು. ಅವನಿಗೆ ಎಲ್ಲರೂ ಸೇರಿ ಪಿಜ್ಜಾ ತರಿಸಿ 'ವೆಲ್‌ಕಮ್ ಟು ದ ಕ್ಲಬ್' ಅಂದಿದ್ರು. ಡಿಸ್ಕ್ ಅಳಿಸದ ಅಡ್ಮಿನ್ ಅಡ್ಮಿನ್ನೇ ಅಲ್ಲ ಅಂತ ನಕ್ಕಿದ್ರು. ನಾನೂ ಆ ಪಿಜ್ಜಾ ತಿಂದಿದ್ದೆ. ಅವನ ತಪ್ಪು ಅವನ ತಪ್ಪಾಗಿ ಅಲ್ಲೇ ಮುಗೀತು. ಅವನ ಊರು, ಅವನ ಅಪ್ಪ, ಅವನ ಹೈಸ್ಕೂಲು, ಯಾರೂ ಅದರೊಳಗೆ ಬರಲಿಲ್ಲ.

ಮೊನ್ನೆ ಫೋನಿನಲ್ಲಿ ಆ ಹುಡುಗ ಹೆದರಿದ್ದು ಡಿಸ್ಕಿಗಲ್ಲ. ಈ ಟೀ ಮೆಷಿನ್ನಿಗೆ.

ನಾನು ಪೇಪರ್ ಹಾಕಲಿಲ್ಲ. ಹಾಕೋ ಸ್ಥಿತಿಯಲ್ಲಿರಲಿಲ್ಲ ಅನ್ನೋದು ನಿಜ, ತಂಗಿ ಫೀಸ್ ಕಟ್ಟಬೇಕಿತ್ತು. ಮೂರು ಭಾನುವಾರ ಕೂತು ಇಡೀ ಏರ್ಪಾಟನ್ನ ಹೊಸದಾಗಿ ಬರೆದೆ. ಇದನ್ನ ಮಾತ್ರ ನಿಧಾನಕ್ಕೆ ಓದಿ.

ಪಿಎಕ್ಸ್‌ಇಲಿನಕ್ಸ್ ತನ್ನ ಸೆಟ್ಟಿಂಗ್ ಫೈಲನ್ನ ಹುಡುಕೋ ಕ್ರಮ ಹೀಗಿದೆ. ಮೊದಲು ಯಂತ್ರದ ಯುಯುಐಡಿ ಹೆಸರಿನ ಫೈಲ್ ಕೇಳುತ್ತೆ. ಇಲ್ಲಾಂದ್ರೆ ಅದರ ಮ್ಯಾಕ್ ವಿಳಾಸದ ಹೆಸರಿನದ್ದು. ಇಲ್ಲಾಂದ್ರೆ ಐಪಿ ವಿಳಾಸವನ್ನ ಹೆಕ್ಸಿನಲ್ಲಿ ಬರೆದು ಎಂಟಕ್ಷರದ ಫೈಲ್ ಕೇಳುತ್ತೆ, ಆಮೇಲೆ ಕೊನೆಯಿಂದ ಒಂದೊಂದೇ ಅಕ್ಷರ ಬಿಡ್ತಾ ಏಳು, ಆರು, ಐದು. ಯಾವುದೂ ಸಿಗದಿದ್ರೆ ಕೊನೆಗೆ ಡಿಫಾಲ್ಟ್. ಅಂದ್ರೆ ಯಾರೂ ಹೆಸರು ಬರೆದಿಡದ ಯಂತ್ರದ ಹಣೆಬರಹ ಡಿಫಾಲ್ಟ್ ಫೈಲಿನಲ್ಲಿರುತ್ತೆ. ನಮ್ಮಲ್ಲಿ ಅದು 'ಅಳಿಸಿ ಹಾಕು' ಅಂತಿತ್ತು. ನಾನು ಅದನ್ನ 'ನಿನ್ನ ಸ್ವಂತ ಡಿಸ್ಕಿನಿಂದಲೇ ಏಳು' ಅಂತ ಬದಲಾಯಿಸಿದೆ. ಗೊತ್ತಿಲ್ಲದವರಿಗೆ ಕೈ ಹಚ್ಚಬೇಡ, ಅಷ್ಟೇ.

ಆಮೇಲೆ, ಇನ್‌ಸ್ಟಾಲ್ ಮಾಡೋಕೆ ಮುಂಚೆ ಪ್ರತಿ ಯಂತ್ರವನ್ನೂ ಒಂದ್ಸಲ ಬರೀ ಮೆಮೊರಿಯಲ್ಲಿ ಓಡೋ ಪುಟ್ಟ ಲಿನಕ್ಸಿಗೆ ನೆಟ್‌ವರ್ಕ್ ಮೂಲಕ ಎಬ್ಬಿಸಿದೆ. ಅದು ಏನನ್ನೂ ಬರೆಯಲ್ಲ, ಅಳಿಸಲ್ಲ. ಯಾವ ಮಾದರಿ, ಎಷ್ಟು ಮೆಮೊರಿ, ಯಾವ ಕಾರ್ಡು, ಎಷ್ಟು ಡಿಸ್ಕು, ಒಂದೊಂದರ ಗಾತ್ರ, ಸೀರಿಯಲ್, ಡಬ್ಲ್ಯುಡಬ್ಲ್ಯುಎನ್, ಎಲ್ಲ ಪಟ್ಟಿ ಮಾಡಿ ನನಗೆ ಕಳಿಸಿ ಆಫ್ ಆಗುತ್ತೆ. ಆ ಪಟ್ಟಿ ನೋಡಿ ಒಂದೊಂದು ಮ್ಯಾಕ್ ವಿಳಾಸಕ್ಕೂ ಒಂದೊಂದು ಫೈಲ್ ಹುಟ್ಟಿಸಿದೆ. ಎಸ್‌ಡಿಎ ಅನ್ನೋ ಹೆಸರನ್ನೇ ತೆಗೆದುಬಿಟ್ಟೆ. ಡಿಸ್ಕನ್ನ ಅದರ ಸ್ವಂತ ಗುರುತಿನಿಂದ ಕರೆಯೋ 'ಬೈ-ಐಡಿ' ದಾರಿ ಹಾಕಿದೆ. ಕಿಕ್‌ಸ್ಟಾರ್ಟಿನ ಪ್ರಿ ಭಾಗದಲ್ಲಿ ಒಂದು ಸ್ಕ್ರಿಪ್ಟ್: ಹೇಳಿದ ಡಿಸ್ಕ್ ಇದೆಯಾ, ಹೇಳಿದ ಗಾತ್ರದ್ದೇ ಇದೆಯಾ, ಒಂದು ಗುಲಗಂಜಿ ಅನುಮಾನ ಬಂದ್ರೂ ಅಲ್ಲೇ ನಿಲ್ಲು. ಪೋಸ್ಟ್ ಭಾಗದಲ್ಲಿ, ಇನ್‌ಸ್ಟಾಲ್ ಮುಗಿದ ಕೂಡ್ಲೆ ಸರ್ವರಿಗೆ ಒಂದು ಮಾತು ಹೋಗಿ ಆ ಯಂತ್ರದ ಫೈಲ್ ಮತ್ತೆ 'ಸ್ವಂತ ಡಿಸ್ಕಿನಿಂದ ಏಳು' ಆಗುತ್ತೆ. ಕಾಬ್ಲರ್, ಫೋರ್‌ಮನ್, ಉಬುಂಟುವಿನವರ ಮಾಸ್ ಇಂಥದ್ದನ್ನೆಲ್ಲ ಮಾಡಿಕೊಡ್ತವೆ. ಆದ್ರೂ ಒಂದ್ಸಲ ಕೈಯಲ್ಲಿ ಮಾಡಿ ನೋಡಿ, ಒಳಗೇನು ನಡೀತಿದೆ ಅಂತ ಗೊತ್ತಿರುತ್ತೆ.

ಉಳಿದ ಯಂತ್ರಗಳಲ್ಲಿ ಒಂದೂ ಕೈಕೊಡಲಿಲ್ಲ. ಎರಡು ಮಾತ್ರ ಅನುಮಾನ ಬಂದು ನಿಂತ್ವು, ಒಂದರಲ್ಲಿ ಡಿಸ್ಕ್ ನಿಜಕ್ಕೂ ಸಾಯ್ತಾ ಇತ್ತು.

ಹೋದ ವರ್ಷ ಭಾನುವಾರದ ಕ್ಲಾಸಿನಲ್ಲಿ ಇದನ್ನ ಹೇಳಿಕೊಡ್ತಾ ಇದ್ದಾಗ ಒಬ್ಬ ಹುಡುಗಿ ಕೇಳಿದ್ಳು, "ಅಣ್ಣ, ನೀವು ಯಾರು ಅಂತ ಕೇಳೋದು ತಪ್ಪು ಅಂತೀರ. ಇಲ್ಲಿ ನೀವೇ ಮೊದಲು ಯಾರು ಅಂತ ಕೇಳ್ತಿದ್ದೀರಲ್ಲ?" ಎಲ್ಲ ನಕ್ಕರು. ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಕಂಪನಿಗೆ ಸೇರಿದ ವಾರದಲ್ಲೇ ನನ್ನ ಪಕ್ಕದ ಸೀಟಿನವರು ಊರು ಕೇಳಿದ್ರು, ಊರಲ್ಲಿ ಯಾವ ಬೀದಿ ಅಂತ ಕೇಳಿದ್ರು, ಮನೆದೇವರು ಕೇಳಿದ್ರು. ಆಮೇಲೆ ಅವರ ಟಿಫಿನ್ ಬಾಕ್ಸು ಬೇರೆ ಟೇಬಲ್ಲಿಗೆ ಹೋಯ್ತು. ಡಿಎಚ್‌ಸಿಪಿ ಸರ್ವರಿಗೆ ಯಂತ್ರ 7 ಅಂದ್ರೆ ಅದು 7ಕ್ಕೆ ಬೇಕಾದ್ದನ್ನ ಕೊಡುತ್ತೆ. ಕೊಡೋಕೆ ಕೇಳೋದು. ಇವರು ಕೇಳಿದ್ದು ತಟ್ಟೆ ಎತ್ಕೊಂಡು ಹೋಗೋಕೆ. ಹೀಗೆ ಹೇಳಿದೆ ಅವಳಿಗೆ. ಅವಳು ಪೂರ್ತಿ ಒಪ್ಪಲಿಲ್ಲ. "ಪಟ್ಟಿ ಇಟ್ಕೊಂಡೋರ ಕೈಯಲ್ಲಿ ಇರುತ್ತೆ ಅಣ್ಣ ಅದು" ಅಂದ್ಳು. ಅದೂ ಸರಿನೇ. ಡಿಎಚ್‌ಸಿಪಿಯಲ್ಲೂ ಯಾರು ಮೊದಲು ಉತ್ತರ ಕೊಡ್ತಾರೋ ಅವರ ಮಾತನ್ನೇ ಯಂತ್ರ ನಂಬೋದು. ಅದೇ ತಂತಿಗೆ ಬೇರೆ ಯಾರೋ ಇನ್ನೊಂದು ಡಿಎಚ್‌ಸಿಪಿ ಸರ್ವರ್ ಸಿಕ್ಕಿಸಿದ್ರೆ, ಯಂತ್ರ ಅವರ ಹಿಂದೆ ಹೋಗಿಬಿಡುತ್ತೆ.

ಸೆಂಟ್‌ಓಎಸ್ 7ರ ಕಾಲ 2024ರ ಜೂನ್ 30ಕ್ಕೆ ಮುಗೀತು. ಆಗ ಹಾಕಿದ್ದನ್ನೆಲ್ಲ ಈಗ ಎಲ್ಲರೂ ತೆಗೀತಿದ್ದಾರೆ. ಆ ಹುಡುಗನಿಗೆ ಬಿದ್ದಿದ್ದೂ ಅದೇ ಕೆಲಸ, 22 ಸರ್ವರ್. ಅವನದ್ದು ಎನ್‌ವಿಎಂಇ ಡಿಸ್ಕು, ಹೆಸರು ಎಸ್‌ಡಿಎ ಅಲ್ಲ, ಎನ್‌ವಿಎಂಇ0ಎನ್1. ಎರಡು ಎನ್‌ವಿಎಂಇ ಇದ್ದ ಯಂತ್ರದಲ್ಲಿ ಸೊನ್ನೆ ಯಾವುದು ಒಂದು ಯಾವುದು ಅಂತ ಅದಲು ಬದಲಾಗಿತ್ತು. ಹತ್ತು ವರ್ಷ ಆದ್ರೂ ಅದೇ ಗುಂಡಿ.

ಬೆಳಗ್ಗೆ ಐದೂವರೆಗೆ ಅವನಿಗೆ ಹೇಳಿದೆ: ಆಫೀಸಿಗೆ ಹೋಗು. ನೀನೇ ಮೊದಲು ಬರೆದು ಕೊಡು, ಏನಾಯ್ತು, ಯಾಕಾಯ್ತು, ಮುಂದೆ ಆಗದ ಹಾಗೆ ಏನು ಮಾಡ್ತೀಯ. ಟೀ ಮೆಷಿನ್ ಹತ್ರ ಏನಾದ್ರೂ ಕೇಳಿಸಿದ್ರೆ ತಿರುಗಿ ನಿಂತು ಕೇಳು, 'ಏನಂದ್ರಿ?' ಅಂತ. ನಾನು ಅವತ್ತು ತಿರುಗಿರಲಿಲ್ಲ.

ಅವನು ತಿರುಗಿದ್ನೋ ಇಲ್ವೋ ಕೇಳಿಲ್ಲ. ನಿನ್ನೆ ಸಂಜೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದಾನೆ. ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಪಟ್ಟಿ, 22 ಸಾಲು. ಮಾದರಿ, ಮ್ಯಾಕ್ ವಿಳಾಸ, ಬಯಾಸೋ ಯುಇಎಫ್‌ಐಯೋ, ಡಿಸ್ಕಿನ ಸೀರಿಯಲ್. ಮೂರು ಸಾಲಿನಲ್ಲಿ ಡಿಸ್ಕಿನ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಾನೆ: 'ಗೊತ್ತಿಲ್ಲ. ಸೋಮವಾರ ಹೋಗಿ ನೋಡ್ಬೇಕು.'